ಪಾಸ್‌ವರ್ಡ್ ಸರಿಯಿದೆ, ಡೆಸ್ಕ್‌ಟಾಪ್ ಬರ್ತಿಲ್ಲ: ಫಾರ್ಮ್ಯಾಟ್ ಮಾಡಲೇಬೇಕಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್ ಇದೆ. ಪಾಸ್‌ವರ್ಡ್ ಹಾಕಿದರೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್‌ಗೇ ಬಂದು ನಿಲ್ಲುತ್ತದೆ. ಪಾಸ್‌ವರ್ಡ್ ತಪ್ಪು ಅಂತಲೂ ಹೇಳುವುದಿಲ್ಲ. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಕೇಳಿದೆ, ಫಾರ್ಮ್ಯಾಟ್ ಮಾಡಬೇಕು ಅಂದರು. ಅದರಲ್ಲಿ ನಮ್ಮವರ ಯಕ್ಷಗಾನದ ವಿಡಿಯೋಗಳಿವೆ. ಏನು ಮಾಡಲಿ?

ಉತ್ತರ: ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ನಿಮ್ಮ ವಿಡಿಯೋಗಳು ಬಹುಪಾಲು ಇದ್ದಲ್ಲೇ ಇವೆ.

ಲಾಗಿನ್ ಪರದೆ ಬಂತು, ಪಾಸ್‌ವರ್ಡ್ ಒಪ್ಪಿತು ಅಂದರೆ ಸಿಸ್ಟಮ್ ಅಲ್ಲಿವರೆಗೆ ಚೆನ್ನಾಗಿಯೇ ಎದ್ದಿದೆ. ಲಾಗಿನ್ ತೋರಿಸುವುದು ಲೈಟ್‌ಡಿಎಂ ಅನ್ನುವ ಪ್ರೋಗ್ರಾಂ. ಅದಾದ ಮೇಲೆ ನಿಮ್ಮ ಹೆಸರಿನಲ್ಲಿ ಸಿನಮನ್ ಡೆಸ್ಕ್‌ಟಾಪ್ ಶುರುವಾಗಬೇಕು. ಅದು ಶುರುವಾಗುತ್ತಲೇ ಬಿದ್ದುಹೋಗುತ್ತಿದೆ. ಹಾಗಾಗಿ ಮತ್ತೆ ಲಾಗಿನ್ ಕಾಣುತ್ತದೆ. ತೊಂದರೆ ಇರುವುದು ಈ ಒಂದು ಹೆಜ್ಜೆಯಲ್ಲಿ ಮಾತ್ರ.

ಲಾಗಿನ್ ಪರದೆಯಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್ಎನ್ ಕೀಯನ್ನೂ ಸೇರಿಸಿ ಒತ್ತಬೇಕು. ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಹಾಕಿ. ಪಾಸ್‌ವರ್ಡ್ ಹೊಡೆಯುವಾಗ ಏನೂ ಕಾಣುವುದಿಲ್ಲ, ಅದು ಸಹಜ. ಇನ್ನೊಂದು ಮಾತು: ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ಇಲ್ಲಿ ಚೌಕಗಳಾಗಿ ಕಾಣಬಹುದು. ಹೆದರಬೇಡಿ, ಫೈಲು ಕೆಟ್ಟಿಲ್ಲ. ಈ ಪರದೆಗೆ ಕನ್ನಡ ಅಕ್ಷರ ಜೋಡಿಸಿ ತೋರಿಸಲು ಬರುವುದಿಲ್ಲ, ಅಷ್ಟೇ.

ವಿಡಿಯೋ ಅಂದಿರಲ್ಲ, ನನ್ನ ಮೊದಲ ಅನುಮಾನ ಡಿಸ್ಕ್ ತುಂಬಿರುವುದರ ಮೇಲೆ. ಡಿಎಫ್, ಸ್ಪೇಸ್, ಹೈಫನ್, ಎಚ್ ಎಂದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆದು ಎಂಟರ್ ಒತ್ತಿ. ಕೊನೆಯಲ್ಲಿ ಬರೀ ಒಂದು ಓರೆಗೆರೆ ಇರುವ ಸಾಲು ನೋಡಿ. ಅಲ್ಲಿ 100% ಇದ್ದರೆ ಕಳ್ಳ ಸಿಕ್ಕಿದ ಹಾಗೆಯೇ. ಡೆಸ್ಕ್‌ಟಾಪ್ ಶುರುವಾಗುವಾಗ ನಿಮ್ಮ ಹೋಮ್ ಫೋಲ್ಡರಿನಲ್ಲಿ ಕೆಲವು ಪುಟ್ಟ ಫೈಲುಗಳನ್ನು ಬರೆಯಲೇಬೇಕು. ಜಾಗ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಹಾಗಾದರೆ ಲಾಗಿನ್ ಪರದೆ ಹೇಗೆ ಬಂತು ಅಂತ ಕೇಳಬಹುದು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡಲು ಮಿಂಟ್ ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ವಿಧಾನದಲ್ಲಿ ಡಿಸ್ಕಿನ 5% ಜಾಗವನ್ನು ರೂಟ್‌ಗಾಗಿ, ಅಂದರೆ ಸಿಸ್ಟಮ್ಮಿನ ಯಜಮಾನ ಖಾತೆಗಾಗಿ, ಎತ್ತಿಟ್ಟಿರುತ್ತಾರೆ. ಸಿಸ್ಟಮ್ಮಿನ ಕೆಲಸ ಅದರಲ್ಲಿ ನಡೆಯುತ್ತದೆ, ನಿಮ್ಮದು ನಿಲ್ಲುತ್ತದೆ.

ಜಾಗ ಬಿಡಿಸಲು 'ಸುಡೋ ಆಪ್ಟ್ ಕ್ಲೀನ್' ಕೊಡಿ. ಸುಡೋ ಅಂದರೆ ಆಜ್ಞೆಯನ್ನು ರೂಟ್‌ನ ಅಧಿಕಾರದಲ್ಲಿ ಓಡಿಸುವುದು. ಹಳೇ ಅಪ್‌ಡೇಟ್‌ಗಳಿಗಾಗಿ ಇಳಿಸಿಟ್ಟ ಪ್ಯಾಕೇಜ್ ಫೈಲುಗಳು ಹೋಗುತ್ತವೆ. ಮಿಂಟ್‌ನಲ್ಲಿ ಅನೇಕ ಸಲ ಜಾಸ್ತಿ ಜಾಗ ತಿನ್ನುವುದು ಟೈಮ್‌ಶಿಫ್ಟ್ ಪ್ರೋಗ್ರಾಂನ ಹಳೇ ಸ್ನ್ಯಾಪ್‌ಶಾಟ್‌ಗಳು, ಅಂದರೆ ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ಮರಳಿಸಲು ಇಟ್ಟ ಪ್ರತಿಗಳು. 'ಸುಡೋ ಟೈಮ್‌ಶಿಫ್ಟ್', ಸ್ಪೇಸ್, ಎರಡು ಹೈಫನ್, 'ಡಿಲೀಟ್' ಎಂದರೆ ಪಟ್ಟಿ ತೋರಿಸಿ ಯಾವುದು ಬೇಡ ಅಂತ ಕೇಳುತ್ತದೆ. ಹೊಸದೊಂದನ್ನು ಉಳಿಸಿಕೊಳ್ಳಿ. ಆತುರದಲ್ಲಿ ವಿಡಿಯೋಗಳಿಗೆ ಕೈ ಹಾಕಬೇಡಿ, ಈ ಪರದೆಯಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ. ಆಮೇಲೆ 'ಸುಡೋ ರೀಬೂಟ್'. ಡೆಸ್ಕ್‌ಟಾಪ್ ಬಂದರೆ ವಿಡಿಯೋಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಸಾಗಿಸಿ.

ಡಿಸ್ಕಿನಲ್ಲಿ ಜಾಗ ಇದೆಯಾ? ಹಾಗಾದರೆ ಹೋಮ್ ಫೋಲ್ಡರಿನ ಎಕ್ಸ್‌ಅಥಾರಿಟಿ ಫೈಲ್ ನೋಡಿ, ಡೆಸ್ಕ್‌ಟಾಪ್‌ಗೆ ಪರದೆ ಬಳಸಲು ಅನುಮತಿ ಕೊಡುವುದು ಇದೇ. ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, ಎಕ್ಸ್ ದೊಡ್ಡಕ್ಷರ. ಎಲ್ಎಸ್, ಸ್ಪೇಸ್, ಹೈಫನ್, ಎಲ್ಎ ಎಂದು ಕೊಟ್ಟರೆ ಅದರ ಮುಂದೆ ನಿಮ್ಮ ಹೆಸರು ಕಾಣಬೇಕು. 'ರೂಟ್' ಅಂತ ಇದ್ದರೆ ನಿಮ್ಮದೇ ಫೈಲು ನಿಮ್ಮ ಕೈಯಲ್ಲಿಲ್ಲ. ಸುಡೋ ಹಾಕಿ ಕಿಟಕಿ ತೆರೆಯುವ ಪ್ರೋಗ್ರಾಂ ಓಡಿಸಿದಾಗ ಹೀಗಾಗುವುದುಂಟು. ಎಂವಿ, ಸ್ಪೇಸ್, ಹಳೇ ಹೆಸರು, ಸ್ಪೇಸ್, ಹೊಸ ಹೆಸರು ಎಂದು ಕೊಟ್ಟು ಅದರ ಹೆಸರು ಬದಲಿಸಿ. ಮುಂದಿನ ಲಾಗಿನ್‌ನಲ್ಲಿ ಹೊಸದು ತಾನಾಗಿ ಬರುತ್ತದೆ.

ಆಗಲೂ ಬಗ್ಗದಿದ್ದರೆ 'ಸುಡೋ ಆಡ್‌ಯೂಸರ್', ಸ್ಪೇಸ್, ಒಂದು ಹೊಸ ಹೆಸರು ಕೊಟ್ಟು ಹೊಸ ಬಳಕೆದಾರನ ಖಾತೆ ಮಾಡಿ. ಕಂಟ್ರೋಲ್, ಆಲ್ಟ್, ಎಫ್7 ಒತ್ತಿ ಲಾಗಿನ್‌ಗೆ ಮರಳಿ, ಆ ಹೆಸರಲ್ಲಿ ಒಳಗೆ ಹೋಗಿ. ಈ ಪರೀಕ್ಷೆ ನನಗೆ ತುಂಬಾ ಇಷ್ಟ, ಯಾಕಂದರೆ ಊಹೆಗೆ ಜಾಗವೇ ಕೊಡುವುದಿಲ್ಲ. ಹೊಸಬರಿಗೆ ಡೆಸ್ಕ್‌ಟಾಪ್ ಬಂದರೆ ದೋಷ ನಿಮ್ಮ ಸೆಟ್ಟಿಂಗ್‌ಗಳಲ್ಲಿದೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ 'ಕಾನ್ಫಿಗ್' ಫೋಲ್ಡರಿನ ಹೆಸರು ಬದಲಿಸಿ ನೋಡಿ, ಅಳಿಸಬೇಡಿ. ಹೊಸಬರಿಗೂ ಬರದಿದ್ದರೆ ಗ್ರಾಫಿಕ್ಸ್ ಡ್ರೈವರ್ ಕಡೆ ತಿರುಗಿ. ಎನ್ವಿಡಿಯಾ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಕರ್ನೆಲ್, ಅಂದರೆ ಸಿಸ್ಟಮ್ಮಿನ ತಿರುಳು, ಅಪ್‌ಡೇಟ್ ಆದ ಮೇಲೆ ಹೀಗಾಗುವುದು ಹೊಸದಲ್ಲ. ಆನ್ ಮಾಡುತ್ತಲೇ ಎಸ್ಕೇಪ್ ಒತ್ತಿ, ಹಳೇ ಯಂತ್ರವಾದರೆ ಶಿಫ್ಟ್ ಹಿಡಿಯಿರಿ. ಯಾವುದರಿಂದ ಶುರು ಮಾಡಬೇಕು ಅಂತ ಕೇಳುವ ಗ್ರಬ್ ಮೆನು ಬರುತ್ತದೆ. ಅದರ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನೆಲ್ ಆರಿಸಿ. ಅದರಲ್ಲಿ ಡೆಸ್ಕ್‌ಟಾಪ್ ಬಂದರೆ ಡ್ರೈವರ್ ಮ್ಯಾನೇಜರ್ ತೆರೆದು ಡ್ರೈವರ್ ಮತ್ತೆ ಹಾಕಿಸಿ.

ಇದ್ಯಾವುದೂ ಆಗದೆ ಮತ್ತೆ ಇನ್‌ಸ್ಟಾಲ್ ಮಾಡುವ ಸ್ಥಿತಿಯೇ ಬಂದರೆ, ಮೊದಲು ಮಿಂಟ್‌ನ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಇನ್‌ಸ್ಟಾಲ್ ಒತ್ತದೆ ಹಾಗೇ ಫೈಲ್ಸ್ ತೆರೆದರೆ ಒಳಗಿನ ಡಿಸ್ಕ್ ಕಾಣುತ್ತದೆ. ಎನ್‌ಕ್ರಿಪ್ಟ್ ಮಾಡಿದ್ದರೆ ಅದರ ಪಾಸ್‌ವರ್ಡ್ ಬೇಕು. ಯಕ್ಷಗಾನವನ್ನೆಲ್ಲ ಕಾಪಿ ಮಾಡಿ, ಒಂದೆರಡು ವಿಡಿಯೋ ತೆರೆದು ಓಡುತ್ತವಾ ನೋಡಿ, ಆಮೇಲೆ ಮುಂದಿನ ಮಾತು.