ಬಚ್ಚಲೊಲೆಯ ಮೇಲೆ ಒಣಗದ ಪ್ಯಾಂಟು

ಸಕಲೇಶಪುರದ ಕಡೆ ಆಷಾಢದಲ್ಲಿ ಬಟ್ಟೆ ಒಣಗುವುದು ಹಿತ್ತಲಿನ ಹಗ್ಗದ ಮೇಲಲ್ಲ, ಬಚ್ಚಲೊಲೆಯ ಮೇಲೆ ಅಡ್ಡ ಕಟ್ಟಿದ ಬಿದಿರಿನ ಗಳುವಿನ ಮೇಲೆ. ಹೋದ ಮಳೆಗಾಲ ನನ್ನ ಜೀನ್ಸ್ ಪ್ಯಾಂಟು ಅಲ್ಲಿ ಮೂರು ದಿನ ನೇತಾಡಿತು. ಆಗಲೂ ಸೊಂಟದ ಪಟ್ಟಿ, ಜೇಬಿನ ಮೂಲೆ ಹಸಿಹಸಿ. ಹೊಗೆಯ ಜೊತೆಗೆ ಮುಗ್ಗಲು ವಾಸನೆ ಬೇರೆ. ಪಕ್ಕದಲ್ಲೇ ಹಾಕಿದ್ದ ಪಾಲಿಯೆಸ್ಟರ್ ಟೀ ಶರ್ಟು ಮೊದಲ ದಿನ ಸಂಜೆಗೇ ಒಣಗಿತ್ತು.

ಎರಡೂ ನೆನೆದದ್ದು ಒಂದೇ ಮಳೆಯಲ್ಲಿ. ಆದರೆ ಜೀನ್ಸ್ ಹತ್ತಿಯದು, ಹತ್ತಿಯ ಎಳೆ ಬಹುಪಾಲು ಸೆಲ್ಯುಲೋಸ್, ಅಂದರೆ ಗಿಡಗಳ ನಾರಿನ ಮೂಲವಸ್ತು. ಅದರ ಅಣುಸರಪಳಿಯ ಉದ್ದಕ್ಕೂ ಇರುವ ಹೈಡ್ರಾಕ್ಸಿಲ್ ಗುಂಪುಗಳು (ಆಮ್ಲಜನಕ-ಜಲಜನಕದ ಜೋಡಿಗಳು) ನೀರನ್ನು ಕಂಡರೆ ಬಿಡುವುದಿಲ್ಲ. ಮಳೆಯೇ ತಾಗದಿದ್ದರೂ ಹತ್ತಿ ಗಾಳಿಯಿಂದಲೇ ತನ್ನ ಒಣತೂಕದ ಸುಮಾರು ಶೇ 8ರಷ್ಟು ತೇವ ಎಳೆದುಕೊಂಡಿರುತ್ತದೆ. ಪಾಲಿಯೆಸ್ಟರ್ ಎಳೆದುಕೊಳ್ಳುವುದು ಶೇ 0.4 ಮಾತ್ರ. ಅದರಲ್ಲಿ ನೀರು ನಿಲ್ಲುವುದು ಎಳೆಗಳ ನಡುವಿನ ಸಂದಿಯಲ್ಲಿ, ಒಮ್ಮೆ ಹಿಂಡಿದರೆ ಬಹಳಷ್ಟು ಹೋಯಿತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕಂಡುಹಿಡಿದ ಎಳೆ ಇದು. ಟೆರಿಲಿನ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅಪ್ಪಂದಿರು ಇಸ್ತ್ರಿ ಮುರಿಯದಂತೆ ತೊಡುತ್ತಿದ್ದ ಟೆರಿಕಾಟ್ ಅಂಗಿ ಇದಕ್ಕೆ ಹತ್ತಿ ಬೆರೆಸಿದ್ದು. ನೀರನ್ನು ಒಲ್ಲದ ಪಾಲಿಯೆಸ್ಟರಿಗೆ ಜಿಡ್ಡು ಮಾತ್ರ ಇಷ್ಟ, ಅದಕ್ಕೇ ಬೆವರಿನ ನಾತ ಬೇಗ ಬಿಡುವುದಿಲ್ಲ. ಒಲೆಯ ಕಿಡಿ ಹಾರಿದರಂತೂ ಕರಗಿ ತೂತು ಬೀಳುತ್ತದೆ.

ಹತ್ತಿಯ ಪರವಾಗಿ ಒಂದು ಮಾತು: ನೆನೆದಾಗ ಅದರ ಎಳೆ ಇನ್ನೂ ಗಟ್ಟಿಯಾಗುತ್ತದೆ. ಕಲ್ಲಿಗೆ ಬಡಿದು ಒಗೆದರೂ ಪಂಚೆ ತಾಳುವುದು ಅದಕ್ಕೇ. ಅದೇ ಸೆಲ್ಯುಲೋಸನ್ನು ಕರಗಿಸಿ ಎಳೆ ತೆಗೆದ ರೇಯಾನ್ ಒದ್ದೆಯಾದರೆ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಅದನ್ನು ಬಡಿಯಬೇಡಿ.

ಆದರೆ ಮಲೆನಾಡಿನ ಮಳೆಗೆ ಸರಿಯಾದ ಜೋಡಿ ಕಂಬಳಿಯೇ. ತೋಟದ ಆಳುಗಳು ಅದನ್ನು ಮಡಚಿ ತಲೆಯಿಂದ ಬೆನ್ನಿಗೆ ಕೊಪ್ಪೆ ಹಾಕಿಕೊಂಡು ಇಡೀ ದಿನ ಮಳೆಯಲ್ಲೇ ಕೆಲಸ ಮಾಡುತ್ತಿದ್ದರು. ಉಣ್ಣೆಯ ಎಳೆಗೆ ಮೀನಿನ ಹೊರಮೈಯಂತೆ ಹುರುಪೆಗಳಿವೆ, ಅವುಗಳ ಮೇಲೆ ತೆಳುವಾದ ಕೊಬ್ಬಿನ ಪದರ. ಹನಿ ಬಿದ್ದರೆ ಜಾರುತ್ತದೆ. ಒಳಗಿನ ಕೆರಾಟಿನ್ ಎಂಬ ಪ್ರೋಟೀನ್ ಮಾತ್ರ ತದ್ವಿರುದ್ಧ. ನೀರಾವಿಯನ್ನು ತನ್ನ ತೂಕದ ಸುಮಾರು ಮೂರನೇ ಒಂದು ಭಾಗದವರೆಗೂ ಹೀರುತ್ತದೆ, ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹೀಗೆ ಹೀರುವಾಗ ನೀರಿನ ಅಣು ಎಳೆಗೆ ಅಂಟಿ ಒಂದಿಷ್ಟು ಶಾಖ ಹೊರಬೀಳುತ್ತದೆ. ಬೆಚ್ಚಗಿನ ಒಣ ಮನೆಯಿಂದ ಥಂಡಿ ಹವೆಗೆ ಹೊರಟಾಗ ಕಂಬಳಿ ಕೊಂಚ ಬಿಸಿಯಾಗುವುದು ಭ್ರಮೆಯಲ್ಲ. ಜೊತೆಗೆ ಉಣ್ಣೆಯ ಗುಂಗುರು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಪ್ಯಾಂಟಿನಲ್ಲಿ ಆ ಗಾಳಿಯ ಜಾಗಕ್ಕೆ ನೀರು ಬಂದು ಕೂತಿತ್ತು. ಮೈಶಾಖವನ್ನು ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಸಾಗಿಸುತ್ತದೆ. ತೊಡೆ ಮರಗಟ್ಟಿದ್ದು ಸುಮ್ಮನೆ ಅಲ್ಲ.

ಹೊಸ ಕಂಬಳಿ ಸೆಟೆದುಕೊಂಡಿರುತ್ತದಲ್ಲ, ಅದು ಹುಣಸೆ ಬೀಜದ ಗಂಜಿ. ನೇಯುವಾಗ ಹಾಸಿನ, ಅಂದರೆ ಉದ್ದಕ್ಕೆ ಕಟ್ಟಿದ, ನೂಲು ಕಿತ್ತುಬರದಿರಲಿ ಎಂದು ಕುರುಬರು ಬಳಿಯುವುದು. ಹಾಗಂತ ಕಂಬಳಿಯನ್ನು ಅತಿಯಾಗಿ ಹೊಗಳಲಾರೆ. ಚುಚ್ಚುತ್ತದೆ, ನೆನೆದಷ್ಟೂ ಭಾರವಾಗುತ್ತದೆ. ಈಗ ತೋಟಗಳಲ್ಲಿ ಪ್ಲಾಸ್ಟಿಕ್ ಕೊಪ್ಪೆ, ರೇನ್‌ಕೋಟು. ಹಗುರ ನಿಜ, ಆದರೆ ಬೆವರಿನ ಆವಿಗೆ ದಾರಿಯಿಲ್ಲದೆ ಮಧ್ಯಾಹ್ನದ ಹೊತ್ತಿಗೆ ಒಳಗಿನಿಂದಲೇ ಒದ್ದೆ.

ಕಂಬಳಿ ಇಲ್ಲದವರು ಗೋಣಿಚೀಲದ ಕೊಪ್ಪೆ ಹಾಕುತ್ತಿದ್ದರು. ಸೆಣಬು ಹತ್ತಿಗಿಂತ ಹೆಚ್ಚು ತೇವ ಹೀರುವುದರಿಂದ ಮಳೆಗೆ ಅದು ಬಡವರ ಉಪಾಯ ಅಷ್ಟೇ. ಕಾಫಿ ತುಂಬಲು ಮಾತ್ರ ಹೇಳಿಮಾಡಿಸಿದ ಎಳೆ: ಚೀಲ ಉಸಿರಾಡುತ್ತದೆ, ಒಳಗಿನ ಬೀಜ ಬೆವರುವುದಿಲ್ಲ. ತೊಂದರೆ ಬರುವುದು ವಾಸನೆಯಿಂದ. ಹೊಸ ಗೋಣಿ ಸೀಮೆಎಣ್ಣೆಯಂತೆ ನಾರುವುದು ಯಾಕೆಂದರೆ ಸೆಣಬಿನ ನಾರನ್ನು ಮೆದು ಮಾಡಲು ಖನಿಜ ಎಣ್ಣೆ ಹಾಕಿರುತ್ತಾರೆ. ಕಾಫಿ ಬೀಜ ಆ ವಾಸನೆಯನ್ನೂ ಹೀರಿಬಿಡುತ್ತದೆ. ಹಾಗಾಗಿ ರಫ್ತಿಗೆ ಹೋಗುವ ಕಾಫಿಗೆ ಸಸ್ಯಜನ್ಯ ಎಣ್ಣೆ ಹಾಕಿ ನೇಯ್ದ ಚೀಲಗಳೇ ಬೇರೆ ಇವೆ.