ಡಿ-ಎಸ್ ಮೆಸಾನಿನ ಒಂದು ಸಂಖ್ಯೆ, ಅದರ ಹಿಂದಿನ ದೋಷಪಟ್ಟಿ

2008ರಲ್ಲಿ ಕಣಭೌತವಿಜ್ಞಾನದಲ್ಲಿ ಒಂದು ಗದ್ದಲ ಎದ್ದಿತ್ತು. ಚಾರ್ಮ್ ಕ್ವಾರ್ಕ್ ಮತ್ತು ಸ್ಟ್ರೇಂಜ್ ಪ್ರತಿಕ್ವಾರ್ಕ್ ಸೇರಿ ಆಗುವ ಡಿ-ಎಸ್ ಮೆಸಾನ್, ಎಲೆಕ್ಟ್ರಾನಿನ ಭಾರದ ಬಂಧುಗಳಾದ ಮ್ಯೂಆನ್ ಇಲ್ಲವೇ ಟೌ ಕಣವಾಗಿ ಒಡೆದು ಜೊತೆಗೊಂದು ನ್ಯೂಟ್ರಿನೊ ಬಿಡುವ ದರವನ್ನು ಪ್ರಯೋಗಗಳು ಅಳೆದಿದ್ದವು. ಆ ದರದಿಂದ ತೆಗೆದ ಕ್ಷಯ ಸ್ಥಿರಾಂಕ (ಮೆಸಾನ್ ಹೀಗೆ ಒಡೆಯುವ ಒಲವನ್ನು ಹೇಳುವ ಸಂಖ್ಯೆ) ಸುಮಾರು 277 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್, ಕಣಗಳ ಶಕ್ತಿ ಮತ್ತು ದ್ರವ್ಯರಾಶಿಯ ಏಕಮಾನ), ಅನಿಶ್ಚಿತತೆ 9. ಅದೇ ಸ್ಥಿರಾಂಕಕ್ಕೆ ಎಚ್‌ಪಿಕ್ಯೂಸಿಡಿ ತಂಡದ ಲ್ಯಾಟಿಸ್ ಲೆಕ್ಕ, ಅಂದರೆ ದೇಶಕಾಲವನ್ನು ಜಾಲವಾಗಿಸಿ ಕಂಪ್ಯೂಟರಿನಲ್ಲಿ ಹಾಕುವ ಲೆಕ್ಕ, ಕೊಟ್ಟದ್ದು 241, ಅನಿಶ್ಚಿತತೆ 3. ಅಂತರ ನಾಲ್ಕು ಸಿಗ್ಮಾಕ್ಕೆ, ಅಂದರೆ ಒಟ್ಟು ಅನಿಶ್ಚಿತತೆಯ ನಾಲ್ಕು ಪಟ್ಟಿಗೆ, ಹತ್ತಿರ. ಲೆಪ್ಟೋಕ್ವಾರ್ಕ್‌ನಂಥ ಹೊಸ ಕಣಗಳ ಸುಳಿವಿರಬಹುದೆಂದು ಪ್ರಬಂಧಗಳೂ ಬಂದವು. ಎರಡು ವರ್ಷದೊಳಗೆ ಪ್ರಯೋಗದ ಸಂಖ್ಯೆ 260ರ ಕೆಳಗಿಳಿಯಿತು, ಲೆಕ್ಕದ ಸಂಖ್ಯೆ 248ಕ್ಕೆ ಏರಿತು, ಹೊಸ ಕಣದ ಮಾತು ನಿಂತಿತು.

ಪ್ರಯೋಗದ ಸಂಖ್ಯೆ ಇಳಿದದ್ದು ಹೆಚ್ಚು ಘಟನೆಗಳು ಸಿಕ್ಕಿದ್ದರಿಂದ, ಅದರಲ್ಲಿ ವಿಶೇಷವಿಲ್ಲ. ಲೆಕ್ಕದ ಸಂಖ್ಯೆ ತಾನೇ ಹೇಳಿಕೊಂಡಿದ್ದ ಅನಿಶ್ಚಿತತೆಯ ಎರಡು ಪಟ್ಟಿಗೂ ಮೀರಿ ಏರಿದ್ದು ಏಕೆ ಎಂಬುದು ಮುಖ್ಯ. ಲ್ಯಾಟಿಸ್ ಲೆಕ್ಕದಲ್ಲಿ ನಡುವಿನ ಸಂಖ್ಯೆ ಬರುವುದು ಅಷ್ಟೇನೂ ಕಷ್ಟವಲ್ಲ. ವರ್ಷಗಟ್ಟಲೆ ಕೆಲಸ ಹಿಡಿಯುವುದು ಅದರ ಪಕ್ಕದ ಅನಿಶ್ಚಿತತೆ.

ಮೊದಲು ಬೇಕಾದದ್ದೇನು ಎಂದು ನೋಡೋಣ. ಡಿ-ಎಸ್‌ನ ಈ ಕ್ಷಯದ ದರ ಮೂರು ಸಂಗತಿಗಳ ಗುಣಲಬ್ಧ. ಒಂದು, ದುರ್ಬಲ ಬಲದ ಪ್ರಮಾಣ ಹೇಳುವ ಫರ್ಮಿ ಸ್ಥಿರಾಂಕ ಮತ್ತು ಕಣಗಳ ದ್ರವ್ಯರಾಶಿಗಳು. ಇವು ಚೆನ್ನಾಗಿ ಗೊತ್ತು. ಲೆಪ್ಟಾನಿನ (ಎಲೆಕ್ಟ್ರಾನ್, ಮ್ಯೂಆನ್ ಇಲ್ಲವೇ ಟೌ) ದ್ರವ್ಯರಾಶಿಯ ವರ್ಗವೂ ಇಲ್ಲೇ ಕೂತಿರುವುದರಿಂದ ಎಲೆಕ್ಟ್ರಾನ್ ದಾರಿ ಮ್ಯೂಆನ್ ದಾರಿಗಿಂತ ನಲವತ್ತು ಸಾವಿರ ಪಟ್ಟಿಗೂ ಹೆಚ್ಚು ಅಪರೂಪ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡು, ಚಾರ್ಮ್ ಕ್ವಾರ್ಕ್ ಸ್ಟ್ರೇಂಜ್ ಆಗುವ ಬಲವನ್ನು ಹೇಳುವ ಸಿಕೆಎಂ (ಕ್ವಾರ್ಕ್ ಒಂದು ಬಗೆಯಿಂದ ಇನ್ನೊಂದಾಗುವ ಬಲಗಳ ಪಟ್ಟಿ) ಅಂಶ ವಿ-ಸಿಎಸ್, ಅದರ ವರ್ಗ. ಮೂರು, ಕ್ಷಯ ಸ್ಥಿರಾಂಕದ ವರ್ಗ: ಮೆಸಾನಿನೊಳಗೆ ಎರಡೂ ಕ್ವಾರ್ಕ್‌ಗಳು ಒಂದೇ ಬಿಂದುವಿನಲ್ಲಿ ಸಿಗುವ ಸಾಧ್ಯತೆಯನ್ನು ಇದು ಹೇಳುತ್ತದೆ. ಪ್ರಯೋಗ ಕೊಡುವುದು ಕೊನೆಯ ಎರಡರ ಗುಣಲಬ್ಧ ಮಾತ್ರ, ಅದರ ವರ್ಗಮೂಲ ಈಗ ಸುಮಾರು 245 ಎಂಇವಿ. ಸ್ಥಿರಾಂಕ ಬೇರೆ ಕಡೆಯಿಂದ ಬಾರದೆ ವಿ-ಸಿಎಸ್ ಬಿಡಿಯಾಗಿ ಸಿಗುವುದಿಲ್ಲ. ಈ ದೂರದಲ್ಲಿ ಪ್ರಬಲ ಬಲದ ಜೋಡಣೆ ದೊಡ್ಡದು, ಸರಣಿ ವಿಸ್ತರಣೆ ಕೈಕೊಡುತ್ತದೆ. ಕೆನ್ನೆತ್ ವಿಲ್ಸನ್ 1974ರಲ್ಲಿ ತೋರಿಸಿದ ದಾರಿಯಲ್ಲಿ, ದೇಶಕಾಲವನ್ನು ಬಿಂದುಗಳ ಜಾಲವಾಗಿಸಿ ಕಂಪ್ಯೂಟರಿನಲ್ಲಿ ನೇರ ಲೆಕ್ಕ ಹಾಕಬೇಕು.

ಹಳೆಯ ಪ್ರಬಂಧ ಓದುವವರಿಗೆ ಒಂದು ಎಚ್ಚರಿಕೆ. ಅತಿ ಹಗುರ ಮೆಸಾನಾದ ಪಯಾನಿನ ಸ್ಥಿರಾಂಕ ಕೆಲವೆಡೆ 130 ಎಂಇವಿ, ಕೆಲವೆಡೆ 92. ಅವುಗಳ ನಡುವಿನ ಅನುಪಾತ 2ರ ವರ್ಗಮೂಲ, ಬರೀ ಸಂಪ್ರದಾಯ. ಇಲ್ಲಿನ ಸಂಖ್ಯೆಗಳೆಲ್ಲ 130ರ ಸಂಪ್ರದಾಯದವು.

ಲೆಕ್ಕದ ಗಾತ್ರ ತಿಳಿಯಲು ಒಂದು ಉದಾಹರಣೆ. ಮಿಲ್ಕ್ ಎಂಬ ಲ್ಯಾಟಿಸ್ ತಂಡದ ಒಂದು ಜಾಲದಲ್ಲಿ ಬಿಂದುಗಳ ನಡುವಿನ ಅಂತರ ಸುಮಾರು 0.06 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಎಂದರೆ ಪ್ರೋಟಾನಿನ ಗಾತ್ರದ ಮಟ್ಟದ ಉದ್ದ), ಮೂರು ದಿಕ್ಕಿಗೆ 96 ಬಿಂದು, ಕಾಲದ ದಿಕ್ಕಿಗೆ 192. ಒಟ್ಟು ಸುಮಾರು 17 ಕೋಟಿ ಬಿಂದುಗಳು, ಬಿಂದುವಿಗೆ ನಾಲ್ಕರಂತೆ 68 ಕೋಟಿ ಕೊಂಡಿಗಳು. ಪ್ರತಿ ಕೊಂಡಿಯ ಮೇಲೆ, ಕ್ವಾರ್ಕ್‌ಗಳನ್ನು ಬಂಧಿಸುವ ಗ್ಲೂಆನ್ ಕ್ಷೇತ್ರವನ್ನು ಹೇಳುವ ಮೂರು-ಮೂರರ ಸಂಮಿಶ್ರ ಮ್ಯಾಟ್ರಿಕ್ಸ್, ಅಂದರೆ 18 ಸಂಖ್ಯೆ. ಡಬಲ್ ಪ್ರಿಸಿಷನ್‌ನಲ್ಲಿ ಒಂದು ಕಾನ್ಫಿಗರೇಷನ್, ಅಂದರೆ ಇಡೀ ಜಾಲದ ಕ್ಷೇತ್ರದ ಒಂದು ಚಿತ್ರ, 98 ಗಿಗಾಬೈಟ್ ಆಗುತ್ತದೆ. ಇಂಥವು ನೂರಾರು ಬೇಕು.

ಕಾನ್ಫಿಗರೇಷನ್‌ಗಳನ್ನು ಹೈಬ್ರಿಡ್ ಮಾಂಟೆ ಕಾರ್ಲೊ ವಿಧಾನದಲ್ಲಿ ಹುಟ್ಟಿಸುತ್ತಾರೆ. ಕೊಂಡಿಗಳಿಗೆ ಯಾದೃಚ್ಛಿಕ ಸಂವೇಗ ಕೊಟ್ಟು, ಚಲನೆಯ ಸಮೀಕರಣದಲ್ಲಿ ಸ್ವಲ್ಪ ದೂರ ಓಡಿಸಿ, ಕೊನೆಗೆ ಸ್ವೀಕರಿಸುವುದೋ ಬಿಡುವುದೋ ಎಂಬ ಪರೀಕ್ಷೆ. ಪ್ರತಿ ಹೆಜ್ಜೆಗೂ, ಕ್ವಾರ್ಕಿನ ಚಲನೆಯನ್ನು ಹೇಳುವ ಡಿರಾಕ್ ಮ್ಯಾಟ್ರಿಕ್ಸಿನ ಸಮೀಕರಣ ಬಿಡಿಸಬೇಕು. ಹೊತ್ತು ತಿನ್ನುವುದು ಅದೇ. ಕ್ವಾರ್ಕ್ ಹಗುರವಾದಷ್ಟೂ ಅದನ್ನು ಬಿಡಿಸುವ ವಿಧಾನವಾದ ಕಾಂಜುಗೇಟ್ ಗ್ರೇಡಿಯೆಂಟ್‌ಗೆ ಹೆಚ್ಚು ಸುತ್ತು ಬೇಕು. ಅದಕ್ಕೇ ಬಹುಕಾಲ ಪಯಾನನ್ನು 300 ಎಂಇವಿಯಷ್ಟು ಭಾರವಾಗಿಟ್ಟು, ಕಡೆಗೆ ಪಯಾನಿನ ನಿಜವಾದ ದ್ರವ್ಯರಾಶಿಯಾದ 135ಕ್ಕೆ ಗೆರೆ ಎಳೆಯುತ್ತಿದ್ದರು. ಈಗ ನೇರವಾಗಿ 135ರಲ್ಲೇ ಲೆಕ್ಕ ನಡೆಯುತ್ತದೆ, ಒಂದು ದೊಡ್ಡ ಅನುಮಾನ ಅಲ್ಲಿಗೆ ತೀರಿತು.

ಕಾನ್ಫಿಗರೇಷನ್ ಕೈಗೆ ಬಂದ ಮೇಲೆ ಡಿ-ಎಸ್ ಕೆಲಸ ಚಿಕ್ಕದು. ಒಂದು ಕಾಲದ ಹಾಳೆಯ ಮೇಲೆ ಯಾದೃಚ್ಛಿಕ ಮೂಲ ಇಟ್ಟು, ಒಮ್ಮೆ ಸ್ಟ್ರೇಂಜ್ ದ್ರವ್ಯರಾಶಿಗೆ, ಒಮ್ಮೆ ಚಾರ್ಮ್ ದ್ರವ್ಯರಾಶಿಗೆ ಸಮೀಕರಣ ಬಿಡಿಸಿ, ಎರಡು ಪ್ರೊಪಗೇಟರ್‌ಗಳನ್ನು (ಕ್ವಾರ್ಕ್ ಬಿಂದುವಿಂದ ಬಿಂದುವಿಗೆ ಸಾಗುವ ವಿವರ) ಜೋಡಿಸಿದರೆ ಕೊರಿಲೇಟರ್, ಅಂದರೆ ಕಾಲ ಕಳೆದಂತೆ ಮೆಸಾನಿನ ಸಂಕೇತ, ಸಿದ್ಧ. ಕಾಲವನ್ನು ಕಾಲ್ಪನಿಕವಾಗಿಸಿರುವುದರಿಂದ ಅದು ತೂಗಾಡುವುದಿಲ್ಲ, ಘಾತೀಯವಾಗಿ ಇಳಿಯುತ್ತದೆ: ಇಳಿಜಾರಿನಿಂದ ಮೆಸಾನಿನ ದ್ರವ್ಯರಾಶಿ, ಎತ್ತರದಿಂದ ಕ್ಷಯ ಸ್ಥಿರಾಂಕ. ಎಚ್‌ಐಎಸ್‌ಕ್ಯೂ ಎಂಬ ಸುಧಾರಿತ ಸ್ಟ್ಯಾಗರ್ಡ್ ಕ್ವಾರ್ಕ್ ಬಳಸಿದರೆ ಈ ಕ್ಷಯವನ್ನು ನಡೆಸುವ ಆಕ್ಸಿಯಲ್ ಪ್ರವಾಹದ ಭಾಗಶಃ ಸಂರಕ್ಷಣೆ ನೇರ ಸಿಗುತ್ತದೆ. ಜಾಲದ ಸಂಖ್ಯೆಯನ್ನು ನಿಜದ ಸಂಖ್ಯೆಗೆ ಹೊಂದಿಸುವ ಪುನರ್ಮಾನೀಕರಣದ ಗುಣಕವನ್ನು ಬೇರೆಯಾಗಿ ಕಂಡುಹಿಡಿಯಬೇಕಿಲ್ಲ. ಬೇರೆ ಸೂತ್ರೀಕರಣಗಳಲ್ಲಿ ಎಷ್ಟೋ ಸಲ ಕೊನೆಯ ಒಂದು ಶೇಕಡಾ ಅನಿಶ್ಚಿತತೆ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಇನ್ನು 241ರ ಕಥೆ. ಕಂಪ್ಯೂಟರಿಗೆ ಎಂಇವಿ ಗೊತ್ತಿಲ್ಲ, ಫೆಮ್ಟೋಮೀಟರೂ ಗೊತ್ತಿಲ್ಲ. ಅದರ ಉತ್ತರಗಳೆಲ್ಲ ಜಾಲದ ಅಂತರವನ್ನೇ ಏಕಮಾನವಾಗಿಸಿಕೊಂಡ ಬರೀ ಸಂಖ್ಯೆಗಳು. ಪ್ರಕೃತಿಯಲ್ಲಿ ಗೊತ್ತಿರುವ ಒಂದು ಪ್ರಮಾಣವನ್ನು ಅದೇ ಜಾಲದಲ್ಲಿ ಲೆಕ್ಕ ಹಾಕಿ, ಹೋಲಿಸಿ, ಅಂತರ ಎಷ್ಟೆಂದು ನಿಗದಿ ಮಾಡಬೇಕು. 2007ರ ಲೆಕ್ಕದಲ್ಲಿ ಈ ಕೆಲಸಕ್ಕೆ ಬಳಸಿದ್ದು ಭಾರ ಕ್ವಾರ್ಕ್‌ಗಳ ನಡುವಿನ ಬಲದಿಂದ ವ್ಯಾಖ್ಯಾನಿಸಿದ ಆರ್-1 ಎಂಬ ಉದ್ದ, 0.321 ಫೆಮ್ಟೋಮೀಟರ್. 2009ರಲ್ಲಿ ಅದೇ ತಂಡ ಇನ್ನೂ ನಿಖರವಾಗಿ ನೋಡಿದಾಗ ಅದು 0.3133 ಆಯಿತು. ಅಳತೆಗೋಲು ಮೋಟಾಗಿದ್ದರೆ ಅಂಗಡಿಯ ಬಟ್ಟೆಯೆಲ್ಲ ಒಂದೇ ಅನುಪಾತದಲ್ಲಿ ತಪ್ಪು ಬರುತ್ತದೆ, ಎಷ್ಟು ಸಲ ಅಳೆದರೂ ಸರಿಹೋಗುವುದಿಲ್ಲ. ಉದ್ದ ಎರಡೂವರೆ ಶೇಕಡಾ ಇಳಿದರೆ ಶಕ್ತಿ ಅಷ್ಟೇ ಏರಬೇಕು: 241 ಬರೀ ಅನುಪಾತದಲ್ಲೇ 247 ಆಗುತ್ತದೆ. ಕ್ವಾರ್ಕ್ ದ್ರವ್ಯರಾಶಿಗಳನ್ನು ಮತ್ತೆ ಹೊಂದಿಸಿ, ಇನ್ನೂ ಸೂಕ್ಷ್ಮ ಜಾಲಗಳನ್ನು ಸೇರಿಸಿ 2010ರಲ್ಲಿ ಕೊಟ್ಟ ಉತ್ತರ 248.0, ಅನಿಶ್ಚಿತತೆ 2.5.

ಈಗ ಈ ಕೆಲಸಕ್ಕೆ ಪಯಾನಿನ ಕ್ಷಯ ಸ್ಥಿರಾಂಕವನ್ನೋ 1672 ಎಂಇವಿಯ ಒಮೆಗಾ ಬೇರಿಯಾನನ್ನೋ ಬಳಸುತ್ತಾರೆ. ಜಾಲದಿಂದ ಜಾಲಕ್ಕೆ ಹೋಲಿಸಲು, ಗ್ಲೂಆನ್ ಕ್ಷೇತ್ರವನ್ನು ನಯಗೊಳಿಸುವ ಗ್ರೇಡಿಯೆಂಟ್ ಫ್ಲೋದಿಂದ ಬರುವ ಡಬ್ಲ್ಯೂ-0 ಎಂಬ ಉದ್ದ ಬಹಳ ಅನುಕೂಲ, ಆದರೆ ಅದನ್ನು ಯಾವ ಪ್ರಯೋಗವೂ ಅಳೆಯಲಾರದು. ಕಡೆಗೆ ಒಂದು ನಿಜವಾದ ಕಣಕ್ಕೆ ಕಟ್ಟಲೇಬೇಕು. ಲ್ಯಾಟಿಸ್ ಪ್ರಬಂಧ ಕೈಗೆ ಬಂದರೆ ಮೊದಲು ಹುಡುಕಬೇಕಾದ ಸಾಲು ಇದು: ಅಳತೆ ಯಾವುದಕ್ಕೆ ಕಟ್ಟಿದ್ದಾರೆ? ಎರಡು ತಂಡಗಳ ಉತ್ತರ ಕೂಡಿಬಂದರೂ ಇಬ್ಬರೂ ಒಂದೇ ಅಳತೆಗೆ ಕಟ್ಟಿದ್ದರೆ ಆ ಹೊಂದಾಣಿಕೆಗೆ ಬೆಲೆ ಕಡಿಮೆ. ಅನುಪಾತಗಳು ಸುರಕ್ಷಿತವಾಗಿರುವುದೂ ಇದರಿಂದಲೇ. ಕೇಯಾನ್ (ಸ್ಟ್ರೇಂಜ್ ಕ್ವಾರ್ಕ್ ಇರುವ ಹಗುರ ಮೆಸಾನ್) ಮತ್ತು ಪಯಾನ್ ಸ್ಥಿರಾಂಕಗಳ ಅನುಪಾತ 1.1932, ಅನಿಶ್ಚಿತತೆ 0.0021, ಅಳತೆಗೋಲಿನ ತಪ್ಪು ಅಲ್ಲಿ ಬಹುಪಾಲು ಕಳೆದುಹೋಗುತ್ತದೆ.

ಮುಂದಿನ ಬಲೆ ಉದ್ರಿಕ್ತ ಸ್ಥಿತಿಗಳದು. ಕೊರಿಲೇಟರಿನಲ್ಲಿ ಡಿ-ಎಸ್ ಒಂದೇ ಇರುವುದಿಲ್ಲ, ಅದೇ ಕ್ವಾಂಟಂ ಸಂಖ್ಯೆಯ ಭಾರದ ಸ್ಥಿತಿಗಳೆಲ್ಲ ಬೆರೆತಿರುತ್ತವೆ. ಮೊದಲನೆಯದು ಸುಮಾರು 620 ಎಂಇವಿ ಮೇಲಿದೆ. ಒಂದು ಫೆಮ್ಟೋಮೀಟರ್ ಕಾಲ (ಬೆಳಕು ಅಷ್ಟು ದೂರ ಹೋಗುವ ಹೊತ್ತು) ಕಳೆದಾಗ ಅದರ ಪಾಲು ಇನ್ನೂ ನಾಲ್ಕು ಶೇಕಡಾದ ಮಟ್ಟದಲ್ಲಿರುತ್ತದೆ. ಎರಡು ಫೆಮ್ಟೋಮೀಟರಿಗೆ ಹೋದರೆ 0.2 ಶೇಕಡಾಕ್ಕೆ ಇಳಿಯುತ್ತದೆ. ಹಾಗಾದರೆ ದೂರದ ಕಾಲವನ್ನಷ್ಟೇ ನೋಡಿದರಾಯಿತಲ್ಲ? ಅಲ್ಲಿ ಅಂಕಿಅಂಶದ ಗದ್ದಲ ಹೆಚ್ಚು. ಡಿ-ಎಸ್ ಸಂಕೇತ 1968 ಎಂಇವಿಯ ವೇಗದಲ್ಲಿ ಇಳಿದರೆ, ಅದರ ಗದ್ದಲ ಇಳಿಯುವುದು ಚಾರ್ಮ್-ಚಾರ್ಮ್ ಮತ್ತು ಸ್ಟ್ರೇಂಜ್-ಸ್ಟ್ರೇಂಜ್ ಮೆಸಾನುಗಳ ಸರಾಸರಿ ದ್ರವ್ಯರಾಶಿಯಂತೆ, ಸುಮಾರು 1836. ವ್ಯತ್ಯಾಸ 130 ಎಂಇವಿ ಮಾತ್ರ, ಆದ್ದರಿಂದ ಡಿ-ಎಸ್ ಸಾಧು ಪ್ರಾಣಿ. ಇನ್ನೂ ಭಾರದ ಬಾಟಮ್ ಕ್ವಾರ್ಕ್ ಇರುವ ಬಿ ಮೆಸಾನಿಗೆ ಇದೇ ವ್ಯತ್ಯಾಸ 500 ದಾಟುತ್ತದೆ: ಪ್ರತಿ 0.39 ಫೆಮ್ಟೋಮೀಟರಿಗೆ ಗದ್ದಲದ ಅನುಪಾತ 2.7 ಪಟ್ಟು ಏರುತ್ತದೆ, ಎರಡು ಫೆಮ್ಟೋಮೀಟರ್ ಹೊತ್ತಿಗೆ ಸಂಕೇತ ಕಾಣದಾಗುತ್ತದೆ. ಆದ್ದರಿಂದ ಹತ್ತಿರದ ಕಾಲವನ್ನೂ ಸೇರಿಸಿಕೊಂಡು ಎರಡು ಮೂರು ಘಾತೀಯಗಳ ಫಿಟ್ ಮಾಡುತ್ತಾರೆ. ಫಿಟ್ ಆರಂಭವಾಗುವ ಕಾಲವನ್ನು ಹಿಂದೆಮುಂದೆ ಸರಿಸಿದಾಗ ಉತ್ತರ ಅಲುಗಾಡದಿರಬೇಕು. ಆ ಚಿತ್ರ ಪ್ರಬಂಧದಲ್ಲಿ ಇಲ್ಲದಿದ್ದರೆ ಅನುಮಾನಿಸಬಹುದು.

ಫಿಟ್‌ನಲ್ಲೇ ಇನ್ನೊಂದು ಕಡೆ ಜಾರುವುದುಂಟು. ಒಂದು ಕಾನ್ಫಿಗರೇಷನ್ನಿನ ಎಲ್ಲ ಕಾಲಬಿಂದುಗಳೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಆದ್ದರಿಂದ ಆ ನಂಟನ್ನೆಲ್ಲ ಹೇಳುವ ಪೂರ್ತಿ ಸಹವ್ಯತ್ಯಯ ಮ್ಯಾಟ್ರಿಕ್ಸ್ ಬೇಕು. ಕೈಯಲ್ಲಿರುವುದು ಸಾವಿರ ಕಾನ್ಫಿಗರೇಷನ್, ಫಿಟ್ ಮಾಡುವ ಬಿಂದು ಇನ್ನೂರು ಎಂದಾದರೆ ಆ ಮ್ಯಾಟ್ರಿಕ್ಸಿನ ಸಣ್ಣ ಐಗೆನ್‌ಮೌಲ್ಯಗಳು ನಂಬಲಾಗದಷ್ಟು ಸಣ್ಣವಾಗಿ ಬರುತ್ತವೆ. ಫಿಟ್ ಇಲ್ಲದ ನಿಖರತೆ ತೋರಿಸುತ್ತದೆ. ಅವನ್ನು ಕತ್ತರಿಸಬೇಕು ಇಲ್ಲವೇ ಎತ್ತಬೇಕು. ಒಂದರ ಹಿಂದೊಂದು ಬರುವ ಕಾನ್ಫಿಗರೇಷನ್‌ಗಳೂ ಸ್ವತಂತ್ರವಲ್ಲ. ಗುಂಪುಮಾಡಿ, ಒಂದೊಂದೇ ಗುಂಪು ಬಿಟ್ಟು ಮತ್ತೆ ಲೆಕ್ಕ ಹಾಕುವ ಜಾಕ್‌ನೈಫ್ ಮಾಡದಿದ್ದರೆ ಅನಿಶ್ಚಿತತೆ ಅರ್ಧಕ್ಕರ್ಧ ಕಡಿಮೆ ಕಾಣಬಹುದು.

ಚಾರ್ಮ್ ಕ್ವಾರ್ಕಿನ ನಿಜವಾದ ತೊಂದರೆ ಜಾಲದ ಒರಟುತನ. 0.09 ಫೆಮ್ಟೋಮೀಟರ್ ಅಂತರವೆಂದರೆ ಶಕ್ತಿಯಲ್ಲಿ 2.2 ಜಿಇವಿ (2200 ಎಂಇವಿ). ಚಾರ್ಮ್ ದ್ರವ್ಯರಾಶಿಯನ್ನು ಈ ಏಕಮಾನದಲ್ಲಿ ಬರೆದರೆ 0.4ಕ್ಕೂ ಮೇಲೆ, ಅದರ ವರ್ಗ 0.2ರ ಆಸುಪಾಸು. ಸುಧಾರಿಸದ ಕ್ರಿಯೆಯಲ್ಲಿ ಇದು ನೇರ ಇಪ್ಪತ್ತು ಶೇಕಡಾದ ದೋಷ. ಎಚ್‌ಐಎಸ್‌ಕ್ಯೂ ಇದನ್ನು ಬಹಳಷ್ಟು ಅಳಿಸುತ್ತದೆ, ಪೂರ್ತಿ ಅಲ್ಲ. ಉಳಿದದ್ದಕ್ಕೆ 0.15, 0.12, 0.09, 0.06, 0.042, 0.03 ಹೀಗೆ ಹಲವು ಅಂತರಗಳಲ್ಲಿ ಲೆಕ್ಕ ಹಾಕಿ ಸೊನ್ನೆಯತ್ತ ಗೆರೆ ಎಳೆಯುತ್ತಾರೆ. ಅತಿ ಒರಟಾದ ಜಾಲವನ್ನು ಕೈಬಿಟ್ಟಾಗ ಉತ್ತರ ಎಷ್ಟು ಸರಿಯುತ್ತದೆ ಎಂಬುದು ಒಳ್ಳೆಯ ಪರೀಕ್ಷೆ. ಅಂತರ ಅರ್ಧ ಮಾಡಿದರೆ ಬಿಂದುಗಳು ಹದಿನಾರು ಪಟ್ಟು. ಹೆಜ್ಜೆ ಸಣ್ಣದಾಗುವುದನ್ನೂ ಸೇರಿಸಿದರೆ ಖರ್ಚು ನೂರು ಪಟ್ಟಿನ ಸುತ್ತ. 0.05ಕ್ಕಿಂತ ಕೆಳಗೆ ಇಳಿದಾಗ ಕ್ಷೇತ್ರದ ಟೋಪಾಲಜಿ (ಅದರ ಒಟ್ಟು ಸುತ್ತುಗಳ ಎಣಿಕೆ) ಹೆಪ್ಪುಗಟ್ಟುವ ಕಾಟವೂ ಶುರುವಾಗುತ್ತದೆ: ಮಾಂಟೆ ಕಾರ್ಲೊ ಎಷ್ಟು ಓಡಿದರೂ ಒಂದೇ ಟೋಪಾಲಜಿ ಸಂಖ್ಯೆಯಲ್ಲಿ ಕೂತುಬಿಡುತ್ತದೆ. ದೊಡ್ಡ ಪೆಟ್ಟಿಗೆಯಲ್ಲಿ ಇದರ ಪರಿಣಾಮ ಸಣ್ಣದು, ಹಗುರ ಮೆಸಾನುಗಳ ಕೈರಲ್ ಸಿದ್ಧಾಂತದಿಂದ ತಿದ್ದಿಕೊಳ್ಳಬಹುದು.

ಪೆಟ್ಟಿಗೆಯ ಗಾತ್ರಕ್ಕೆ ಒಂದು ರೂಢಿಯ ನಿಯಮವಿದೆ. ಪಯಾನ್ ದ್ರವ್ಯರಾಶಿ ಗುಣಿಸು ಉದ್ದ ನಾಲ್ಕರ ಸುತ್ತ ಇರಬೇಕು. 135 ಎಂಇವಿಗೆ ಅದು 5.8 ಫೆಮ್ಟೋಮೀಟರ್, ಮೇಲಿನ 96 ಬಿಂದುಗಳ ಜಾಲ 5.76 ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ಫರ್ಮಿಲ್ಯಾಬ್ ಲ್ಯಾಟಿಸ್ ಮತ್ತು ಮಿಲ್ಕ್ ತಂಡಗಳು 2018ರಲ್ಲಿ ಕೊಟ್ಟ ಡಿ-ಎಸ್ ಸ್ಥಿರಾಂಕ 249.9 ಎಂಇವಿ, ಅನಿಶ್ಚಿತತೆ 0.4. ಒಂದು ಶೇಕಡಾದ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ. ಈ ದಾರಿಯಲ್ಲಿ ವಿ-ಸಿಎಸ್ 0.98ರ ಆಸುಪಾಸಿಗೆ ಬರುತ್ತದೆ, ಅದರ ಅನಿಶ್ಚಿತತೆಯೆಲ್ಲ ಬಹುಪಾಲು ಪ್ರಯೋಗದ್ದೇ. ಬೀಜಿಂಗ್‌ನ ಬೆಸ್-3 ಪ್ರಯೋಗದ ಮುಂದೆ ಈಗ ಚೆಂಡು ಇದೆ.

ಬಾಟಮ್ ಮತ್ತು ಸ್ಟ್ರೇಂಜ್ ಸೇರಿ ಆಗುವ ಬಿ-ಎಸ್ ಮೆಸಾನಿನಲ್ಲೂ ಇಂಥದ್ದೇ ಚಿತ್ರ. ಅದು ಎರಡು ಮ್ಯೂಆನ್‌ಗಳಾಗಿ ಒಡೆಯುವುದು ನೂರು ಕೋಟಿಯಲ್ಲಿ ಮೂರು ನಾಲ್ಕು ಸಲ. ಸ್ಥಿರಾಂಕ 230.3, ಅನಿಶ್ಚಿತತೆ 1.3, ವರ್ಗವಾಗಿ ಬಂದರೂ ಸಿದ್ಧಾಂತಕ್ಕೆ ಒಂದು ಶೇಕಡಾದಷ್ಟೇ ಹೊರೆ. ಉಳಿದ ತೊಡಕು ವಿ-ಸಿಬಿ ಎಂಬ ಇನ್ನೊಂದು ಸಿಕೆಎಂ ಅಂಶದ್ದು: ಬಿ ಮೆಸಾನ್ ಡಿ ಅಥವಾ ಡಿ-ಸ್ಟಾರ್ ಆಗುವ ದಾರಿಯಿಂದ ಅದು ಸುಮಾರು 0.039-0.040 ಬರುತ್ತದೆ, ಎಲ್ಲ ಚಾರ್ಮ್ ಅಂತಿಮ ಸ್ಥಿತಿಗಳನ್ನೂ ಒಟ್ಟುಹಾಕುವ ದಾರಿಯಿಂದ 0.042.

ಉದ್ರಿಕ್ತ ಸ್ಥಿತಿಗಳು ಎಷ್ಟು ಮೋಸ ಮಾಡಬಲ್ಲವು ಎಂಬುದಕ್ಕೆ ಕೇಯಾನ್ ಎರಡು ಪಯಾನಾಗುವ ಲೆಕ್ಕಕ್ಕಿಂತ ಒಳ್ಳೆಯ ಪಾಠವಿಲ್ಲ. ಇಲ್ಲಿ ನೇರ ಸಿಪಿ ಉಲ್ಲಂಘನೆಯ (ಕಣ ಮತ್ತು ಪ್ರತಿಕಣಗಳ ನಡತೆಯ ವ್ಯತ್ಯಾಸ) ಅಳತೆಯನ್ನು ಎನ್‌ಎ48 ಮತ್ತು ಕೆಟೆವ್ ಪ್ರಯೋಗಗಳು ಕೊಟ್ಟಿವೆ, ಹತ್ತು ಸಾವಿರಕ್ಕೆ 16.6. ಆರ್‌ಬಿಸಿ-ಯುಕೆಕ್ಯೂಸಿಡಿ ತಂಡ 2015ರಲ್ಲಿ 216 ಕಾನ್ಫಿಗರೇಷನ್‌ಗಳಿಂದ ಪಡೆದದ್ದು ಅದೇ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ 1.4, ಅನಿಶ್ಚಿತತೆ ಏಳರಷ್ಟು. ಆಗಲೇ ಒಂದು ಎಚ್ಚರಿಕೆಯ ಗಂಟೆ ಇತ್ತು: ಅದೇ ಲೆಕ್ಕದಲ್ಲಿ ಪಯಾನ್-ಪಯಾನ್ ಚದುರುವಿಕೆಯ ಹಂತಕೋನ ಸುಮಾರು 24 ಡಿಗ್ರಿ ಬಂದಿತ್ತು, ಚದುರುವಿಕೆಯ ಪ್ರಯೋಗಗಳ ವಿಶ್ಲೇಷಣೆ ಹೇಳುವುದು 35ರ ಸಮೀಪ. 2020ರಲ್ಲಿ ಕಾನ್ಫಿಗರೇಷನ್ 741ಕ್ಕೆ ಏರಿತು. ಆದರೆ ಹೆಚ್ಚು ಮುಖ್ಯವಾದದ್ದು, ಎರಡು ಪಯಾನ್ ಸ್ಥಿತಿಯನ್ನು ಹುಟ್ಟಿಸುವ ಆಪರೇಟರ್‌ಗಳನ್ನು ಒಂದರ ಬದಲು ಹಲವು ಬಳಸಿದ್ದು. ಮೊದಲು ಒಂದೇ ಸ್ಥಿತಿ ಎಂದುಕೊಂಡದ್ದು ಹತ್ತಿರದ ಇನ್ನೊಂದರ ಜೊತೆ ಬೆರೆತಿತ್ತು. ಕೋನ 32 ಡಿಗ್ರಿಗೆ ಬಂತು, ಉತ್ತರ 21.7 ಆಯಿತು. ಬರೀ ಅಂಕಿಅಂಶ ಹೆಚ್ಚಿಸಿದ್ದರೆ ತಪ್ಪು ಉತ್ತರವೇ ಇನ್ನಷ್ಟು ನಿಖರವಾಗಿ ಬರುತ್ತಿತ್ತು.

ಇಂಥ ಎಡೆಗಳಿರುವುದರಿಂದಲೇ ಹಲವು ತಂಡಗಳು ಈಗ ಕೊರಿಲೇಟರನ್ನು ಒಂದು ಗುಟ್ಟಿನ ಗುಣಕದಿಂದ ಗುಣಿಸಿ ವಿಶ್ಲೇಷಣೆ ಮಾಡುತ್ತವೆ. ಫಿಟ್‌ನ ತೀರ್ಮಾನಗಳೆಲ್ಲ ಮುಗಿದು ಬರೆದಿಟ್ಟ ಮೇಲೆ ಗುಣಕ ತೆರೆಯುತ್ತಾರೆ. ನಿರೀಕ್ಷಿತ ಉತ್ತರ ಕಂಡೊಡನೆ ಪರೀಕ್ಷೆ ನಿಲ್ಲಿಸುವ ಆಸೆಗೆ ಇದೊಂದೇ ಮದ್ದು.

ಡಿ-ಎಸ್‌ಗೆ ಮುಂದಿನ ತಡೆ ವಿದ್ಯುತ್ಕಾಂತ ಬಲ. ಡಿ-ಎಸ್‌ಗೂ ಮ್ಯೂಆನಿಗೂ ವಿದ್ಯುದಾವೇಶವಿದೆ, ಕ್ಷಯದಲ್ಲಿ ಫೋಟಾನ್ ಹೊರಬೀಳುತ್ತದೆ. ಅತಿ ಸಣ್ಣ ದೂರದ ತಿದ್ದುಪಡಿ ದರವನ್ನು 1.8 ಶೇಕಡಾ ಏರಿಸುತ್ತದೆ, ಅದು ಚೆನ್ನಾಗಿ ಗೊತ್ತು. ಮೆಸಾನಿನ ಒಳರಚನೆಯನ್ನು ಅವಲಂಬಿಸಿದ ಭಾಗವನ್ನು ಮಾತ್ರ ಜಾಲದ ಮೇಲೇ ಲೆಕ್ಕ ಹಾಕಬೇಕು. ಪಯಾನ್ ಮತ್ತು ಕೇಯಾನ್‌ಗಳಿಗೆ ಆ ಕೆಲಸ ಆಗಿದೆ. ಡಿ-ಎಸ್‌ಗೂ ಅದೇ ಮಟ್ಟದಲ್ಲಿ ಆಗುವ ತನಕ 249.9ರ ಪಕ್ಕದ 0.4 ಪ್ರಬಲ ಬಲಕ್ಕೆ ಮಾತ್ರ ಅನ್ವಯ, ವಿ-ಸಿಎಸ್ ತೆಗೆಯುವವರು ಅದರ ಮೇಲೆ ವಿದ್ಯುತ್ಕಾಂತದ ಪಾಲನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.