ಸೂರಿನಡಿಯ ಅಲ್ಕರಾಜ್: ಟೂರಿನ್‌ನಲ್ಲಿ ಎಲ್ಲಿವರೆಗೆ?

2025ರ ಪ್ಯಾರಿಸ್ ಮಾಸ್ಟರ್ಸ್ ಟೆನಿಸ್‌ನಲ್ಲಿ ಬ್ರಿಟನ್‌ನ ಕ್ಯಾಮರನ್ ನೋರಿ ಎದುರು ಸ್ಪೇನ್‌ನ ಕಾರ್ಲೋಸ್ ಅಲ್ಕರಾಜ್ ಮಾಡಿದ ಅನ್‌ಫೋರ್ಸ್ಡ್ ಎರರ್‌ಗಳು (ಎದುರಾಳಿಯ ಒತ್ತಡವಿಲ್ಲದೆ ತಾವೇ ಮಾಡುವ ತಪ್ಪುಗಳು) 54. ಮೂರು ಸೆಟ್‌ಗಳ ಪಂದ್ಯಕ್ಕೆ ಇದು ವಿಪರೀತ. ಮೊದಲ ಸೆಟ್ ಗೆದ್ದು ಉಳಿದೆರಡನ್ನೂ ಬಿಟ್ಟುಕೊಟ್ಟರು. ಕೂಡಲೇ ಹಳೆಯ ರಾಗ ಶುರುವಾಯಿತು: ಇವರಿಗೆ ಒಳಾಂಗಣ ಒಗ್ಗುವುದಿಲ್ಲ, 2025ರ ನವೆಂಬರ್ 9ರಿಂದ ಟೂರಿನ್‌ನಲ್ಲಿ ನಡೆಯುವ, ವರ್ಷದ ಅಗ್ರ ಎಂಟು ಮಂದಿಯ ಎಟಿಪಿ ಫೈನಲ್ಸ್‌ನಲ್ಲೂ ಇದೇ ಪಾಡು.

ಮಾತು ಪೂರ್ತಿ ಸುಳ್ಳಲ್ಲ. ಪ್ಯಾರಿಸ್‌ನಲ್ಲಿ 2023ರಲ್ಲಿ ರೋಮನ್ ಸಫಿಯುಲಿನ್‌ಗೆ, 2024ರಲ್ಲಿ ಯೂಗೊ ಹಂಬರ್ಟ್‌ಗೆ ಸೋತಿದ್ದರು. ಟೂರಿನ್‌ನಲ್ಲಿ 2023ರ ಸೆಮಿಫೈನಲ್‌ನಲ್ಲಿ ಜೊಕೊವಿಚ್ 6-3, 6-2ರಿಂದ ಸುಲಭವಾಗಿ ಮಣಿಸಿದರು. 2024ರಲ್ಲಿ ಶೀತ ಹಿಡಿದು, ಮೂಗಿನ ಮೇಲೆ ಪಟ್ಟಿ ಅಂಟಿಸಿಕೊಂಡು ಆಡಿ ಗುಂಪಿನ ಹಂತದಲ್ಲೇ ಹೊರಬಿದ್ದರು. ಎಟಿಪಿ ಟೂರ್‌ನಲ್ಲಿ ಇದುವರೆಗೆ ಗೆದ್ದ ಒಳಾಂಗಣ ಪ್ರಶಸ್ತಿ ಒಂದೇ, 2025ರ ಫೆಬ್ರುವರಿಯ ರಾಟರ್‌ಡ್ಯಾಮ್.

ಆದರೆ ತಪ್ಪನ್ನೆಲ್ಲ ಸೂರಿನ ಮೇಲೆ ಹಾಕುವವರು ಎರಡು ತಿಂಗಳ ಹಿಂದಿನದನ್ನು ಮರೆತಿದ್ದಾರೆ. ಅಮೆರಿಕನ್ ಓಪನ್ ಫೈನಲ್ ನಡೆದ ದಿನ ಮಳೆ. ಆರ್ಥರ್ ಆ್ಯಶ್ ಅಂಗಣದ ಚಾವಣಿ ಮುಚ್ಚಿಯೇ ಆಡಿಸಿದರು. ಅಂದು ಇಟಲಿಯ ಯಾನಿಕ್ ಸಿನ್ನರ್ ಅವರನ್ನು 6-2, 3-6, 6-1, 6-4ರಿಂದ ಸೋಲಿಸಿದ್ದು ಇದೇ ಅಲ್ಕರಾಜ್. ಅಂಗಣದ ವೇಗವೂ ಕಾರಣವಲ್ಲ. ಪ್ಯಾರಿಸ್ ಮಾಸ್ಟರ್ಸ್‌ನ ಹೊಸ ತಾಣವಾದ ಲಾ ಡಿಫೆನ್ಸ್ ಅರೇನಾದ ಅಂಗಣ ಹಿಂದಿನ ವರ್ಷಕ್ಕಿಂತ ನಿಧಾನವಾಗಿದೆ ಎಂದು ಆಟಗಾರರೇ ಹೇಳಿದ್ದರು. ಅಲ್ಲೂ ಸೋತರು.

ಹಾಗಾದರೆ ತೊಡಕು ಎಲ್ಲಿದೆ? ಕೋಚ್ ಆಗಿ ನನಗೆ ಕಾಣುವುದು ಇಷ್ಟು. ಒಳಾಂಗಣದಲ್ಲಿ ಗಾಳಿಯಿಲ್ಲ, ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ಸರ್ವ್ ಟಾಸ್ (ಸರ್ವ್ ಹೊಡೆಯಲು ಮೇಲೆಸೆದ ಚೆಂಡು) ಪ್ರತಿ ಸಲವೂ ಎಸೆದ ಜಾಗದಲ್ಲೇ ನಿಲ್ಲುತ್ತದೆ. ಇದು ಎಲ್ಲರಿಗೂ ಅನುಕೂಲ ಅನ್ನಿಸಬಹುದು, ಆದರೆ ಹೆಚ್ಚು ಲಾಭ ಸರಳವಾಗಿ, ನೇರವಾಗಿ ಹೊಡೆಯುವವರಿಗೆ. ಹೊರಗೆ ಗಾಳಿ ಬೀಸಿ ಚೆಂಡು ಅತ್ತಿತ್ತ ಓಲಾಡುವಾಗ ಅಲ್ಕರಾಜ್ ಐದು ಬಗೆಯ ಉತ್ತರ ಹುಡುಕುತ್ತಾರೆ, ಎದುರಾಳಿಗೆ ಒಂದೂ ಸಿಗುವುದಿಲ್ಲ. ಒಳಗೆ ಆ ಗೊಂದಲವೇ ಇಲ್ಲ. ನೋರಿಯಂಥ ಎಡಗೈ ಆಟಗಾರ ಬ್ಯಾಕ್‌ಹ್ಯಾಂಡ್‌ನಲ್ಲಿ ಚಪ್ಪಟೆಯಾಗಿ ತಳ್ಳಿದ ಚೆಂಡು ಮೊಣಕಾಲಿನ ಎತ್ತರದಲ್ಲೇ ಬರುತ್ತಿದ್ದರೆ, ಅಲ್ಕರಾಜ್ ಪ್ರತಿ ಸಲ ಬಗ್ಗಿ ಎತ್ತಿ ಹೊಡೆಯಬೇಕು. ನೆಟ್ ದಾಟಿದೊಡನೆ ಬೀಳುವ ಡ್ರಾಪ್ ಶಾಟ್‌ನ ಕತೆಯೂ ಅಷ್ಟೇ. ಎದುರಾಳಿ ಅಂಗಣದ ಹಿಂಬದಿ ಗೆರೆಯಾದ ಬೇಸ್‌ಲೈನ್‌ನಿಂದ ಮೂರು ಮೀಟರ್ ಹಿಂದೆ ನಿಂತಿದ್ದರೆ ಮಾತ್ರ ಅದಕ್ಕೆ ಬೆಲೆ. ಒಳಾಂಗಣದಲ್ಲಿ ಹೆಚ್ಚಿನವರು ಗೆರೆಗೆ ಅಂಟಿಕೊಂಡೇ ನಿಲ್ಲುತ್ತಾರೆ.

ಇನ್ನೊಂದು, ಸಿನ್ನರ್ ಅವರಿಗೆ ಇದೇ ವಾತಾವರಣ ವರ. ಶಾಂಘೈನ ಸೆಕೆಯಲ್ಲಿ ಸ್ನಾಯು ಸೆಳೆತದಿಂದ ಕುಂಟುತ್ತಾ ಅರ್ಧಕ್ಕೇ ಪಂದ್ಯ ಬಿಟ್ಟವರು, ಚಾವಣಿಯಡಿ ಬಂದೊಡನೆ ವಿಯೆನ್ನಾ ಗೆದ್ದರು, ಪ್ಯಾರಿಸ್ ಗೆದ್ದರು. 2023ರ ಟೂರಿನ್ ಫೈನಲ್‌ನಲ್ಲಿ ಜೊಕೊವಿಚ್‌ಗೆ ಸೋತ ನಂತರ 2025ರ ಪ್ಯಾರಿಸ್‌ವರೆಗೆ ಅವರು ಟೂರ್‌ನ ಒಳಾಂಗಣ ಪಂದ್ಯ (ಮಳೆಗೆ ಚಾವಣಿ ಮುಚ್ಚಿದ ಅಮೆರಿಕನ್ ಓಪನ್ ಫೈನಲ್ ಇದಕ್ಕೆ ಸೇರದು) ಸೋತೇ ಇರಲಿಲ್ಲ.

ಅಲ್ಕರಾಜ್ ಸಿದ್ಧತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಟೋಕಿಯೊದ ಮೊದಲ ಪಂದ್ಯದಲ್ಲೇ ಪಾದದ ಕೀಲು ಉಳುಕಿತು. ಆದರೂ ಪ್ರಶಸ್ತಿ ಗೆದ್ದರು, ಶಾಂಘೈ ಬಿಟ್ಟರು. ಆಮೇಲೆ ಸುಮಾರು ಒಂದು ತಿಂಗಳು ರಿಯಾದ್‌ನ ಪ್ರದರ್ಶನ ಪಂದ್ಯ ಬಿಟ್ಟರೆ ಸ್ಪರ್ಧೆಯೇ ಇಲ್ಲ. ಅಷ್ಟು ದಿನ ಬಿಟ್ಟು ಬಂದ ಯಾರಿಗೂ ಮೊದಲ ಪಂದ್ಯದಲ್ಲಿ ಟೈಮಿಂಗ್ ಕೂಡಿಬರುವುದು ಕಷ್ಟ. ಆ 54ರಲ್ಲಿ ಅರ್ಧವಾದರೂ ಇದರ ಲೆಕ್ಕಕ್ಕೆ ಸೇರಬೇಕೆಂಬುದು ನನ್ನ ಅಂದಾಜು.

ಒಳಾಂಗಣದಲ್ಲಿ ಅಲ್ಕರಾಜ್ ಕೂಡ ನಡಾಲ್ ಹಾಗೆಯೇ ಎಂಬ ಹೋಲಿಕೆ ಮಾತ್ರ ನನಗೆ ಒಪ್ಪಿಗೆಯಿಲ್ಲ. 92 ಪ್ರಶಸ್ತಿಗಳ ಒಡೆಯನಿಗೆ ಒಳಾಂಗಣ ಹಾರ್ಡ್ ಕೋರ್ಟ್‌ನಲ್ಲಿ ದಕ್ಕಿದ್ದು 2005ರ ಮ್ಯಾಡ್ರಿಡ್ ಒಂದೇ; ಫೈನಲ್ಸ್‌ನಲ್ಲಿ 2010 ಮತ್ತು 2013ರಲ್ಲಿ ಎರಡನೇ ಸ್ಥಾನ. ಆದರೆ ನೆಟ್‌ಗೆ ನುಗ್ಗುವ ಅಭ್ಯಾಸ ಅಲ್ಕರಾಜ್‌ಗೆ ಚಿಕ್ಕಂದಿನಿಂದಲೇ ಇದೆ, ಈ ವರ್ಷ ಸರ್ವ್ ಕೂಡ ಗಟ್ಟಿಯಾಗಿದೆ. ಒಳಾಂಗಣದಲ್ಲಿ ಸರ್ವ್ ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದಕ್ಕೆ ನಮ್ಮ ಕೊಡಗಿನ ರೋಹನ್ ಬೋಪಣ್ಣ ಸಾಕ್ಷಿ. ಪ್ಯಾರಿಸ್ ಡಬಲ್ಸ್ ಅನ್ನು 2011 ಮತ್ತು 2012ರಲ್ಲಿ ಸತತವಾಗಿ ಗೆದ್ದವರು ಅವರು. ಈಗ ಅದೇ ಪ್ಯಾರಿಸ್‌ನಲ್ಲಿ ಕೊನೆಯ ಪಂದ್ಯ ಆಡಿ ರ್‍ಯಾಕೆಟ್ ಕೆಳಗಿಟ್ಟಿದ್ದಾರೆ.

ಟೂರಿನ್‌ನ ಮಾದರಿಯೂ ಅಲ್ಕರಾಜ್‌ಗೆ ಅನುಕೂಲ. ಎಂಟು ಮಂದಿ, ಎರಡು ಗುಂಪು; ಒಂದು ಸೋಲಿಗೆ ಮನೆಗೆ ಹೋಗಬೇಕಿಲ್ಲ. ಪ್ಯಾರಿಸ್ ಮುಗಿದಾಗ 2025ರ ಅಂಕಗಳಲ್ಲಿ ಸಿನ್ನರ್‌ಗಿಂತ 1,050 ಮುಂದಿದ್ದರು. ಗುಂಪಿನ ಗೆಲುವೊಂದಕ್ಕೆ 200. ಮೂರನ್ನೂ ಗೆದ್ದರೆ 1,650 ಆಗುತ್ತದೆ. ಸಿನ್ನರ್ ಒಂದೂ ಸೋಲದೆ ಕಪ್ ಎತ್ತಿದರೂ ಸಿಗುವುದು 1,500. ವರ್ಷಾಂತ್ಯದ ಅಗ್ರಸ್ಥಾನ ಅಲ್ಲಿಗೆ ಅಲ್ಕರಾಜ್ ಪಾಲು.

ನನ್ನ ಲೆಕ್ಕದಲ್ಲಿ ಅಗ್ರಸ್ಥಾನ ಅಲ್ಕರಾಜ್‌ಗೆ, ಕಪ್ ಸಿನ್ನರ್‌ಗೆ. ಈ ಲೆಕ್ಕ ತಪ್ಪುವ ಸೂಚನೆ ಮೊದಲ ಪಂದ್ಯದಲ್ಲೇ ಸಿಗಬಹುದು. ಎದುರಾಳಿಯ ಎರಡನೇ ಸರ್ವ್‌ಗೆ ಅಲ್ಕರಾಜ್ ಎಲ್ಲಿ ನಿಲ್ಲುತ್ತಾರೆ ನೋಡಿ. ಬೇಸ್‌ಲೈನ್‌ನ ಒಳಗೆ ಕಾಲಿಟ್ಟು ಚೆಂಡು ಏಳುವಾಗಲೇ ಹೊಡೆಯುತ್ತಿದ್ದರೆ ಸಿನ್ನರ್ ತಂಡ ಆ ರಾತ್ರಿ ನೆಮ್ಮದಿಯಾಗಿ ಮಲಗುವುದಿಲ್ಲ.